ಬ್ಯಾಟರಿಯಿಂದ ಇನ್ವರ್ಟರ್‌ಗೆ ಎಷ್ಟು ದಪ್ಪದ ವೈರ್ ಬೇಕು?

ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವುದು ಹೊಸದೇನಲ್ಲ. ಅಂಥ ಒಂದು ಗುರುವಾರ ಧಾಯರಿಯ ನಮ್ಮ ಮನೆಯಲ್ಲಿ ಫ್ರಿಜ್, ಮಿಕ್ಸರ್, ಇಸ್ತ್ರಿ ಪೆಟ್ಟಿಗೆ ಎಲ್ಲ ಸೋಲಾರ್ ಬ್ಯಾಟರಿ ಮೇಲೆಯೇ ನಡೆದಿದ್ದವು. "ರೀ, ಏನೋ ಸುಟ್ಟ ವಾಸ್ನಿ ಬರಾಕತ್ತೇತಿ, ನೋಡ್ರಿ" ಎಂದು ಮನೆಯವಳು ಕೂಗಿದಳು. ಹೋಗಿ ನೋಡಿದರೆ, ಬ್ಯಾಟರಿಯ ಪ್ಲಸ್ ವೈರ್ ಲಗ್ (ವೈರ್ ತುದಿಗೆ ಒತ್ತಿ ಕೂಡಿಸುವ ಲೋಹದ ಬಳೆ) ಹತ್ತಿರ ಬೆಲ್ಲದ ಪಾಕದ ಹಾಗೆ ಮೆತ್ತಗಾಗಿತ್ತು. ಬ್ರೇಕರ್ ಮಾತ್ರ ಬಿದ್ದಿರಲಿಲ್ಲ.

ಆಗ ಲೋಡ್ ಸುಮಾರು 1400 ವ್ಯಾಟ್. ಬ್ಯಾಟರಿ 24 ವೋಲ್ಟ್. ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ, ಅದಕ್ಕೆ 0.85 ಹಿಡಿಯಿರಿ. 1400 ಅನ್ನು 24ರಿಂದ, ಮತ್ತೆ 0.85ರಿಂದ ಭಾಗಿಸಿದರೆ 69 ಆಂಪ್. ಕೂಡಿಸಿದವರು ಹಾಕಿದ್ದು 10 ಸ್ಕ್ವೇರ್ ಎಂಎಂ ವೈರ್ (ಒಳಗಿನ ತಾಮ್ರದ ದಪ್ಪದ ಅಳತೆ, ಮುಂದೆ ಬರೀ 'ಸ್ಕ್ವೇರ್' ಅನ್ನುತ್ತೇನೆ), 63 ಆಂಪ್ ಎಂಸಿಬಿ, ಅಂದರೆ ಆ ಬ್ರೇಕರ್. ತನ್ನ ರೇಟಿಂಗ್‌ನ 1.13 ಪಟ್ಟು ಕರೆಂಟ್ ಹರಿದರೂ ಒಂದು ತಾಸು ಎಂಸಿಬಿ ಬೀಳಬಾರದು ಎಂಬುದೇ ಅದರ ನಿಯಮ. ಅಂದರೆ 71 ಆಂಪ್‌ವರೆಗೆ ಅದು ಸುಮ್ನೆ ನೋಡುತ್ತಾ ಕೂರುತ್ತದೆ. ಬೇಯುವುದು ವೈರ್, ಅಲ್ವಾ?

ಹಾಗಾಗಿ ಮೊದಲು ಆಂಪ್ ಲೆಕ್ಕ, ಆಮೇಲೆ ಬ್ರೇಕರ್, ಕೊನೆಗೆ ಅದಕ್ಕಿಂತ ಜಾಸ್ತಿ ತಡೆಯುವ ವೈರ್. ಬ್ರೇಕರ್ ಇರುವುದು ಮಿಕ್ಸರ್ ಕಾಯಲಿಕ್ಕಲ್ಲ, ವೈರ್ ಕಾಯಲಿಕ್ಕೆ.

ನನ್ನ ಇನ್ವರ್ಟರ್ 2000 ವ್ಯಾಟ್‌ನದು. ಪೂರ್ತಿ ಲೋಡ್‌ಗೆ 98 ಆಂಪ್. ತಾಸುಗಟ್ಟಲೆ ಓಡುವುದರಿಂದ ಅದನ್ನು 1.25ರಿಂದ ಗುಣಿಸಿದೆ: 122.5. ಅದಕ್ಕೆ 125 ಆಂಪ್ ಡಿಸಿ (ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟ್) ಬ್ರೇಕರ್. 35 ಸ್ಕ್ವೇರ್ ಸಾಕು ಅನ್ನುವವರಿದ್ದಾರೆ. ಕಂಪನಿಯ ಪಟ್ಟಿಯಲ್ಲಿರುವ ಆಂಪ್ ಪೈಪಿನೊಳಗೆ, ಏಪ್ರಿಲ್ ಬಿಸಿಲಿನಲ್ಲಿ ಇಳಿಯುತ್ತದೆ. ನಾನು 50 ಸ್ಕ್ವೇರ್ ಫ್ಲೆಕ್ಸಿಬಲ್ ತಾಮ್ರವನ್ನೇ ಹಾಕಿದೆ. ಹೋಗಿ ಬರುವ ಒಟ್ಟು ಉದ್ದ 3 ಮೀಟರ್. ಪೂರ್ತಿ ಲೋಡ್‌ನಲ್ಲಿ ಅದರಲ್ಲಿ ಕಳೆಯುವುದು 0.1 ವೋಲ್ಟ್, 10 ವ್ಯಾಟ್. ಹಳೆ ವೈರ್ ಆಗಿದ್ದರೆ 50 ವ್ಯಾಟ್ ಶಾಖ ವೈರಲ್ಲೇ! ಇನ್ನೂ ಕೊಂಡಿಲ್ಲದವರು 48 ವೋಲ್ಟ್ ಬ್ಯಾಟರಿ ನೋಡಿ, ಆಂಪ್ ಅರ್ಧಕ್ಕೆ ಇಳಿಯುತ್ತದೆ.

ಸಾಮಾನಿಗೆ ಬುಧವಾರ ಪೇಠದ ತಾಪ್ಕೀರ್ ಗಲ್ಲಿಗೆ ಹೋದೆ. ಅಂಗಡಿಯವನು ಮನೆ ಬೋರ್ಡಿನ ಎಂಸಿಬಿ ತೆಗೆದು "ಚಾಲ್ತಂಯ್ ಕಾಕಾ" (ನಡೆಯುತ್ತೆ ಕಾಕಾ) ಅಂದ. ಚಾಲ್ತಂಯ್ ಅಲ್ಲ. ಮನೆಗೆ ಬರುವ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆ ಬಿಡುವಿಲ್ಲ, ಕಿಡಿ ಎಳೆದುಕೊಂಡೇ ಹೋಗುತ್ತದೆ. ಬ್ರೇಕರ್ ಮೇಲೆ ಡಿಸಿ ವೋಲ್ಟ್ ಬರೆದಿರಬೇಕು. ಪ್ಲಸ್ ಮೈನಸ್ ಗುರುತಿದ್ದರೆ ತಿರುವುಮುರುವು ಮಾಡಬೇಡಿ. ವೈರ್‌ನ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ, ವಾಪಸ್ ಕೊಡಿ.

ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಡಿಸಿ ಫ್ಯೂಸ್ ಇರಲಿ, ನನ್ನದು 125 ಆಂಪ್‌ನದು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪ್ ನುಗ್ಗುತ್ತದೆ, ಅದಕ್ಕೇ ಫ್ಯೂಸ್‌ನ ಬ್ರೇಕಿಂಗ್ ಕೆಪ್ಯಾಸಿಟಿ (ಎಷ್ಟು ಆಂಪ್‌ವರೆಗೆ ಅದು ಸುರಕ್ಷಿತವಾಗಿ ಕಡಿಯಬಲ್ಲದು) ಕೇಳಿ ತೊಗೊಳ್ಳಿ.

ಪ್ಯಾನೆಲ್ ಕಡೆ ಸುಲಭ. ಹಿಂದಿನ ಸ್ಟಿಕ್ಕರ್‌ನಲ್ಲಿ ಐಎಸ್‌ಸಿ (ಶಾರ್ಟ್ ಆದಾಗ ಪ್ಯಾನೆಲ್ ಕೊಡುವ ಆಂಪ್) ನೋಡಿ 1.56ರಿಂದ ಗುಣಿಸಿ. ನಮ್ಮದು 13.9, ಗುಣಿಸಿದರೆ 21.7. ಅದಕ್ಕೆ 4 ಸ್ಕ್ವೇರ್ ಸೋಲಾರ್ ಕೇಬಲ್, 25 ಆಂಪ್ ಡಿಸಿ ಎಂಸಿಬಿ. ಡಿಸೆಂಬರ್ ಚಳಿಯಲ್ಲಿ ಪ್ಯಾನೆಲ್ ವೋಲ್ಟ್ ಏರುತ್ತದೆ, ಎಂಸಿಬಿಯ ಡಿಸಿ ವೋಲ್ಟ್ ನೋಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇನ್ವರ್ಟರ್‌ನಿಂದ ಮನೆಗೆ 2.5 ಸ್ಕ್ವೇರ್, 16 ಆಂಪ್ ಸಾಕು. ಆ ಜೋಡಣೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ.

ಕೆಲಸಕ್ಕೆ ಕೂರುವಾಗ ಉಂಗುರ, ಗಡಿಯಾರ ತೆಗೆದಿಡಿ. ಲಗ್ ಅನ್ನು ಸುತ್ತಿಗೆಯಿಂದ ಬಡಿಯದೆ ಹೈಡ್ರಾಲಿಕ್ ಕ್ರಿಂಪರ್‌ನಿಂದ ಒತ್ತಿಸಿ. ಒಂದು ತಾಸು ಪೂರ್ತಿ ಲೋಡ್ ಓಡಿಸಿ. ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ ಬಂದ್ ಮಾಡಿ, ಲಗ್ ಮೇಲೆ ಬೆರಳಿಡಿ. ಉಗುರುಬೆಚ್ಚಗಿದ್ದರೆ ಸರಿ. ಬೆರಳು ಹಿಂದೆಳೆದರೆ ನಟ್ ಬಿಚ್ಚಿ ಇನ್ನೊಮ್ಮೆ ಬಿಗಿಮಾಡಿ.