ಭತ್ತದ ಎಲೆ ಬಾಗಿಸಿ ಸಸ್ಯ ಸ್ಟೆರಾಯ್ಡ್‌ನ ಕೆಲಸ ತೋರಿಸುವ ಬಗೆ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಆಕ್ಸಿನ್, ಜಿಬ್ಬರೆಲಿನ್, ಸೈಟೋಕೈನಿನ್, ಅಬ್ಸಿಸಿಕ್ ಆಮ್ಲ, ಎಥಿಲೀನ್ ಎಂಬ ಐದು ಸಸ್ಯ ಹಾರ್ಮೋನುಗಳನ್ನು ಬೋಧಿಸುವಾಗ, ಅವುಗಳಷ್ಟೇ ಮುಖ್ಯವಾದ ಬ್ರಾಸಿನೋಸ್ಟೆರಾಯ್ಡ್‌ಗಳ ಮಾತು ಬರುವುದು ಕಡಿಮೆ. ಸಸ್ಯಗಳಲ್ಲಿಯೂ ಸ್ಟೆರಾಯ್ಡ್ ಹಾರ್ಮೋನು ಇದೆಯೆಂದರೆ ವಿದ್ಯಾರ್ಥಿಗಳು ನಂಬುವುದಿಲ್ಲ. ಆದ್ದರಿಂದ ಅದನ್ನು ಕಣ್ಣಿಗೆ ತೋರಿಸುವುದೇ ಲೇಸು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಶಹಾಪುರ, ಸುರಪುರ, ಜೇವರ್ಗಿ ಭಾಗದ ಕಾಲೇಜುಗಳಿಗೆ ಬಿತ್ತನೆ ಭತ್ತ ಸುಲಭವಾಗಿ ಸಿಗುತ್ತದೆ. ಉಳಿದ ಸಾಮಾನುಗಳೂ ದುಬಾರಿಯವಲ್ಲ. ಜಪಾನಿನ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಈ ಹಾರ್ಮೋನಿಗಾಗಿ ರೂಪಿಸಿದ ಭತ್ತದ ಎಲೆ ಬಾಗುವಿಕೆಯ ಪರೀಕ್ಷೆಯನ್ನು ಇಲ್ಲಿನ ಪ್ರಯೋಗಶಾಲೆಗೆ ಹೊಂದುವಂತೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಬೀಜದ ಆಯ್ಕೆ. ಔಷಧ ಸವರಿದ ಬೀಜ ಬೇಡವೇ ಬೇಡ, ಏಕೆಂದರೆ ಟ್ರಯಜೋಲ್ ಗುಂಪಿನ ಕೆಲವು ಶಿಲೀಂಧ್ರನಾಶಕಗಳು ಗಿಡದೊಳಗೆ ಬ್ರಾಸಿನೋಸ್ಟೆರಾಯ್ಡ್ ತಯಾರಾಗುವುದನ್ನೇ ತಡೆಯುತ್ತವೆ, ಪ್ರೊಪಿಕೋನಜೋಲ್ ಅಂಥದ್ದೊಂದು. ರೈತರು ಮನೆಯಲ್ಲಿ ಇಟ್ಟುಕೊಂಡ ಭತ್ತವೇ ಉತ್ತಮ. ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ ಬಳಿಕ, ತೇವವಾದ ಹತ್ತಿಯ ಮೇಲೆ ಹರಡಿ ಪೂರ್ತಿ ಕತ್ತಲೆಯಲ್ಲಿ ಏಳೆಂಟು ದಿನ ಬೆಳೆಸಬೇಕು. ತಾಪಮಾನ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕಾದ್ದರಿಂದ ನಮ್ಮಲ್ಲಿ ಮಳೆಗಾಲವೇ ಇದಕ್ಕೆ ತಕ್ಕ ಕಾಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಸಸಿ ಬಾಡುತ್ತದೆ. ಬೀದರ್‌ನ ಚಳಿಗಾಲದ ರಾತ್ರಿಗಳಲ್ಲಿ ಬೆಳವಣಿಗೆ ನಿಧಾನವಾಗಿ ಅಳತೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಸಸಿಗಳು ಬಿಳಿಚಿಕೊಂಡು ಉದ್ದವಾದ ಮೇಲೆ ಎರಡನೆಯ ಎಲೆಯನ್ನು ಗಮನಿಸಬೇಕು. ಎಲೆಯ ಪಟ್ಟಿಯೂ ಕಾಂಡವನ್ನು ಸುತ್ತಿಕೊಂಡ ಕವಚವೂ ಕೂಡುವಲ್ಲಿ ತೆಳುವಾದ ಪೊರೆಯಿರುವ ಒಂದು ಸಂದು ಕಾಣುತ್ತದೆ. ಪರೀಕ್ಷೆಯೆಲ್ಲ ನಡೆಯುವುದು ಈ ಸಂದಿನಲ್ಲಿಯೇ. ಹೊಸ ಬ್ಲೇಡಿನಿಂದ ಸಂದಿನ ಮೇಲೆ 1 ಸೆಂ.ಮೀ. ಎಲೆಪಟ್ಟಿ, ಕೆಳಗೆ 1 ಸೆಂ.ಮೀ. ಕವಚ ಉಳಿಯುವಂತೆ ಕತ್ತರಿಸಿ, ತುಂಡುಗಳನ್ನು ಒಂದು ದಿನ ಶುದ್ಧ ನೀರಿನಲ್ಲಿ ಕತ್ತಲೆಯಲ್ಲಿ ತೇಲಿಬಿಡಬೇಕು. ಮರುದಿನ ಎಲ್ಲವೂ ಒಂದೇ ಸಮನಾಗಿ ಬಾಗಿರುವುದಿಲ್ಲ. ಹೆಚ್ಚು ಬಾಗಿದವನ್ನೂ ಬಾಗದೆ ಉಳಿದವನ್ನೂ ತೆಗೆದುಹಾಕಿ, ಕೋನ ಸಮನಾಗಿರುವವನ್ನು ಮಾತ್ರ ಆರಿಸಿಕೊಳ್ಳಬೇಕು. ಹಲವರು ಈ ಆಯ್ಕೆಯನ್ನು ಬೇಸರದ ಕೆಲಸವೆಂದು ಬಿಟ್ಟುಬಿಡುತ್ತಾರೆ, ಆದರೆ ಇಡೀ ಪರೀಕ್ಷೆಯ ನಂಬಿಕೆ ನಿಂತಿರುವುದು ಇದರ ಮೇಲೆಯೇ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚಾಗಿರುವುದರಿಂದ, ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ವಾಟರ್ ಬಳಸುವುದು ಒಳ್ಳೆಯದು. ಆದರೆ ಆಮ್ಲದ ಕ್ಯಾನು ಅದರ ಪಕ್ಕದಲ್ಲಿಯೇ ಇರುವ ಸಂಭವವಿದೆ, ಲೇಬಲ್ ನೋಡಿಯೇ ಕೊಳ್ಳಬೇಕು.

ಹಾರ್ಮೋನಿಗೆ, ಬೆಳವಣಿಗೆ ನಿಯಂತ್ರಕವಾಗಿ ಮಾರಾಟವಾಗುವ ಹೋಮೋಬ್ರಾಸಿನೋಲೈಡ್ ಎಂಬ ಬ್ರಾಸಿನೋಸ್ಟೆರಾಯ್ಡ್‌ನ 0.04% ದ್ರಾವಣ ಸಾಕು. ಅದರ 1 ಮಿ.ಲೀ.ನಲ್ಲಿ ಸುಮಾರು 0.4 ಮಿ.ಗ್ರಾಂ ಹಾರ್ಮೋನು ಇರುತ್ತದೆ. ಸಿರಿಂಜಿನಿಂದ 1 ಮಿ.ಲೀ. ಅಳೆದು ನೀರು ಸೇರಿಸಿ 400 ಮಿ.ಲೀ. ಮಾಡಿದರೆ ಲೀಟರಿಗೆ 1 ಮಿ.ಗ್ರಾಂ ಪ್ರಮಾಣದ ದ್ರಾವಣ ಸಿದ್ಧವಾಗುತ್ತದೆ. ಅದರಲ್ಲಿ 10 ಮಿ.ಲೀ. ತೆಗೆದು 90 ಮಿ.ಲೀ. ನೀರು ಬೆರೆಸಿದರೆ 0.1, ಅದೇ ರೀತಿ ಮುಂದುವರಿಸಿದರೆ 0.01 ಮತ್ತು 0.001 ಮಿ.ಗ್ರಾಂ ಪ್ರಮಾಣದ ದ್ರಾವಣಗಳು ದೊರೆಯುತ್ತವೆ. ಬರಿಯ ನೀರಿನದೊಂದು ತಟ್ಟೆ ಸೇರಿ ಒಟ್ಟು ಐದು. ದ್ರಾವಣ ತಯಾರಿಕೆಯನ್ನು ಉಪನ್ಯಾಸಕರೇ ಕೈಗವಸು ಹಾಕಿಕೊಂಡು ಮಾಡಬೇಕು. ಬಾಟಲಿ ವಿದ್ಯಾರ್ಥಿಗಳ ಕೈಗೆ ಹೋಗಬಾರದು.

ಪ್ರತಿ ತಟ್ಟೆಗೆ ಹತ್ತು ತುಂಡುಗಳನ್ನು ಹಾಕಿ, ಮುಚ್ಚಿ, ಕತ್ತಲೆಯಲ್ಲಿ 48 ಗಂಟೆ ಇಡಬೇಕು. ನಂತರ ಗ್ರಾಫ್ ಹಾಳೆಯ ಮೇಲೆ ಒಂದೊಂದಾಗಿ ಇರಿಸಿ ಮೊಬೈಲಿನಲ್ಲಿ ನೇರ ಮೇಲಿನಿಂದ ಚಿತ್ರ ತೆಗೆದು, ಪಟ್ಟಿ ಮತ್ತು ಕವಚದ ನಡುವಿನ ಕೋನವನ್ನು ಕೋನಮಾಪಕದಿಂದ ಅಳೆಯಬೇಕು. ಅಳೆಯುವವರಿಗೆ ಯಾವ ತಟ್ಟೆಯಲ್ಲಿ ಏನಿದೆಯೆಂದು ತಿಳಿದಿರಬಾರದು. ತಿಳಿದರೆ ಕಣ್ಣು ತಾನು ಬಯಸಿದ ಕಡೆಗೇ ವಾಲುತ್ತದೆ. ಎಲೆಪಟ್ಟಿ ಕವಚದ ನೇರದಿಂದ ಎಷ್ಟು ದೂರ ಬಾಗಿದೆಯೋ ಅಷ್ಟು ಹಾರ್ಮೋನಿನ ಕೆಲಸ ನಡೆದಿದೆ ಎಂದು ಓದಬೇಕು. ಇಲ್ಲೊಂದು ನ್ಯಾಯವಾದ ಪ್ರಶ್ನೆ ಏಳುತ್ತದೆ: ಬಾಗಿಸಿದ್ದು ಹಾರ್ಮೋನೋ, ಬಾಟಲಿಯಲ್ಲಿರುವ ದ್ರಾವಕವೋ? 0.01 ಪ್ರಮಾಣವೆಂದರೆ ಬಾಟಲಿಯ 1 ಮಿ.ಲೀ.ಗೆ 40 ಲೀಟರ್ ನೀರು. ಅಷ್ಟು ತೆಳುವಾದ ದ್ರಾವಕ ಎಲೆ ಬಾಗಿಸುವುದು ಅಸಂಭವ, ಆದ್ದರಿಂದ ಆ ತಟ್ಟೆಯಲ್ಲಿಯೂ ನೀರಿಗಿಂತ ಹೆಚ್ಚಿನ ಬಾಗು ಕಂಡರೆ ಅದನ್ನು ಹಾರ್ಮೋನಿನ ಕೆಲಸವೆಂದೇ ತೆಗೆದುಕೊಳ್ಳಬಹುದು. ತಳಿಯಿಂದ ತಳಿಗೆ ಬಾಗುವ ಪ್ರಮಾಣ ಬೇರೆಯಾಗುವುದರಿಂದ, ತರಗತಿಗೆ ಮುನ್ನ ಸೋನಾ ಮಸೂರಿ ಅಥವಾ ಊರಿನಲ್ಲಿ ಸಿಗುವ ಇತರ ತಳಿಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಈಗ ಬಾಗುವಿಕೆಯ ಕಾರಣವನ್ನು ವಿವರಿಸಬೇಕು. ಸಂದಿನ ಮೇಲ್ಬದಿಯ, ಎಂದರೆ ಕಾಂಡದ ಕಡೆ ಮುಖ ಮಾಡಿದ ಬದಿಯ ಜೀವಕೋಶಗಳು ಹೊರಬದಿಯವಕ್ಕಿಂತ ಹೆಚ್ಚು ಹಿಗ್ಗುತ್ತವೆ. ಒಂದು ಬದಿ ಉದ್ದವಾದಾಗ ಎಲೆ ಇನ್ನೊಂದು ಬದಿಗೆ ಮಡಿಯಲೇಬೇಕು. ಪ್ರಾಣಿಗಳ ಸ್ಟೆರಾಯ್ಡ್ ಹಾರ್ಮೋನುಗಳು ಬಹುಮಟ್ಟಿಗೆ ಕೋಶದ ಒಳಹೊಕ್ಕು ಅಲ್ಲಿನ ಗ್ರಾಹಕಗಳನ್ನು ಕೂಡುತ್ತವೆ. ಸಸ್ಯದಲ್ಲಿ ಹಾಗಲ್ಲ. ಕೋಶಪೊರೆಯ ಮೇಲೆ ಹೊರಮುಖವಾಗಿ ನಿಂತ ಬಿಆರ್‌ಐ1 ಎಂಬ ಪ್ರೋಟೀನು ಹಾರ್ಮೋನನ್ನು ಹಿಡಿಯುತ್ತದೆ, ಬಿಎಕೆ1 ಅದರ ಜೊತೆಗೂಡುತ್ತದೆ, ಸಂದೇಶ ಒಳಗೆ ಸಾಗಿ ಬಿಐಎನ್2 ಎಂಬ ತಡೆಗಾರ ಕಿಣ್ವವನ್ನು ಸುಮ್ಮನಾಗಿಸುತ್ತದೆ. ಆ ತಡೆ ತಪ್ಪಿದೊಡನೆ ಬಿಝಡ್‌ಆರ್1, ಬಿಇಎಸ್1 ಎಂಬ ಪ್ರೋಟೀನುಗಳು ಕೋಶಕೇಂದ್ರದಲ್ಲಿ ನೆಲೆನಿಂತು, ಕೋಶಭಿತ್ತಿಯನ್ನು ಸಡಿಲಿಸುವ ಜೀನುಗಳೂ ಸೇರಿದಂತೆ ಅನೇಕ ಜೀನುಗಳನ್ನು ನಡೆಸತೊಡಗುತ್ತವೆ. ಈ ಹಾರ್ಮೋನು ದೂರ ಪ್ರಯಾಣ ಮಾಡುವುದಿಲ್ಲ, ತಯಾರಾದ ಜಾಗದ ಆಸುಪಾಸಿನಲ್ಲಿಯೇ ಕೆಲಸ ಮಾಡುತ್ತದೆ. ಇದನ್ನು ತಯಾರಿಸುವ ಡಿಇಟಿ2 ಕಿಣ್ವ ಮನುಷ್ಯನ ದೇಹದ ಒಂದು ಸ್ಟೆರಾಯ್ಡ್ ಕಿಣ್ವಕ್ಕೆ ಎಷ್ಟು ಹತ್ತಿರದ್ದೆಂದರೆ, ಆ ಕಿಣ್ವವಿಲ್ಲದೆ ಕುಳ್ಳಾದ ಅರಬಿಡಾಪ್ಸಿಸ್ (ಪ್ರಯೋಗಶಾಲೆಗಳಲ್ಲಿ ಬಳಸುವ ಸಾಸಿವೆ ಕುಟುಂಬದ ಪುಟ್ಟ ಸಸ್ಯ) ಗಿಡಕ್ಕೆ ಮನುಷ್ಯನ ಜೀನು ಸೇರಿಸಿದಾಗ ಅದರ ಬೆಳವಣಿಗೆ ಸುಧಾರಿಸಿತು. ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ಹೇಳದೆ ಬಿಡಬಾರದು.

ಎಷ್ಟು ಅಲ್ಪ ಪ್ರಮಾಣ ಸಾಕೆಂಬುದಕ್ಕೆ ಅದರ ಶೋಧದ ಕಥೆಯೇ ಸಾಕ್ಷಿ. 1979ರಲ್ಲಿ ಅಮೆರಿಕದ ವಿಜ್ಞಾನಿಗಳು ಜೇನುಹುಳುಗಳು ಸಂಗ್ರಹಿಸಿದ, ಸಾಸಿವೆಯ ಹತ್ತಿರದ ಎಣ್ಣೆಬೀಜವಾದ ರೇಪ್ ಬೆಳೆಯ ಸುಮಾರು 227 ಕಿಲೋ ಪರಾಗದಿಂದ ಪಡೆದ, ಈ ಗುಂಪಿನ ಮೊದಲ ಹಾರ್ಮೋನಾದ ಬ್ರಾಸಿನೋಲೈಡ್ ಕೇವಲ 4 ಮಿ.ಗ್ರಾಂ.

ತೊಗರಿಗೆ ಎಣ್ಣೆ ಹೊಡೆಯುವ ಮನೆಗಳಿಂದ ಬಂದ ವಿದ್ಯಾರ್ಥಿಗಳು, ಹಾಗಾದರೆ ಹೆಚ್ಚು ಹೊಡೆದಷ್ಟೂ ಹೆಚ್ಚು ಬೆಳೆಯೇ ಎಂದು ಕೇಳುವುದು ಸಹಜ. ಹಾಗೇನಿಲ್ಲ ಎಂಬ ಉತ್ತರವನ್ನು ಭತ್ತವೇ ಕೊಡುತ್ತದೆ. ಈ ಹಾರ್ಮೋನಿಗೆ ಓಗೊಡುವ ಶಕ್ತಿ ಕುಂದಿದ ಡಿ61 ಎಂಬ ಭತ್ತದ ಗಿಡಗಳು ಗಿಡ್ಡವಾಗಿ, ಎಲೆಗಳನ್ನು ನೆಟ್ಟಗೆ ನಿಲ್ಲಿಸಿಕೊಳ್ಳುತ್ತವೆ. ನೆಟ್ಟಗಿನ ಎಲೆಗಳ ನಡುವೆ ಬೆಳಕು ಕೆಳಗಿಳಿಯುವುದರಿಂದ ಇಂಥ ಗಿಡಗಳನ್ನು ಒತ್ತಾಗಿ ನೆಡಲು ಬರುತ್ತದೆ. ಜಪಾನಿನ ಉಝು ಬಾರ್ಲಿಯ ಕುಳ್ಳುತನಕ್ಕೂ ಬಿಆರ್‌ಐ1 ಜೀನಿನ ಬದಲಾವಣೆಯೇ ಕಾರಣ. ಇನ್ನು ಹೊಲಕ್ಕೆ ಹೊಡೆಯುವುದಾದರೆ ಲೇಬಲ್‌ನಲ್ಲಿ ಆ ಬೆಳೆಯ ಹೆಸರೂ ಪ್ರಮಾಣವೂ ಇರುವುದನ್ನು ನೋಡಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ನಾಲ್ಕು ಸಾಲು ಹೊಡೆಯದೆ ಬಿಟ್ಟು ಹೋಲಿಸುವುದು ತಕ್ಕ ಕ್ರಮ.

ಪ್ರಮಾಣದ ಮಾತನ್ನು ಅದೇ ವಾರ ಬೇರಿನಲ್ಲಿಯೂ ಪರೀಕ್ಷಿಸಬಹುದು. ಎಲೆಗೆ ಬಳಸಿ ಉಳಿದ ಅದೇ ಐದು ದ್ರಾವಣಗಳಲ್ಲಿ ತೋಯಿಸಿದ ಕಾಗದದ ಮೇಲೆ ಮೊಳಕೆಯೊಡೆದ ಸಾಸಿವೆಯನ್ನಿಟ್ಟು, ನಾಲ್ಕನೆಯ ದಿನ ಬೇರಿನ ಉದ್ದ ಅಳೆಯಬೇಕು. ಎಲೆಯನ್ನು ಚೆನ್ನಾಗಿ ಬಾಗಿಸಿದ ಗಟ್ಟಿ ದ್ರಾವಣಗಳಲ್ಲಿ ಬೇರು ಕುಗ್ಗುವುದನ್ನು ನಿರೀಕ್ಷಿಸಬಹುದು. ಎಲೆಯ ಕೋನ ಮತ್ತು ಬೇರಿನ ಉದ್ದ ಎರಡನ್ನೂ ಒಂದೇ ಗ್ರಾಫ್ ಹಾಳೆಯಲ್ಲಿ, ಅಡ್ಡಗೆರೆಯ ಮೇಲೆ ಅದೇ ಐದು ಪ್ರಮಾಣಗಳನ್ನಿಟ್ಟು, ಬೇರೆ ಬೇರೆ ಬಣ್ಣದಲ್ಲಿ ಬರೆಸಬೇಕು.