ಕುದುರೆಮುಖ ಚಾರಣ: ಇಳಿಯುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಚಾರಣ ಶುರುವಾಗುವ ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹೋಗಿ ಬರಲು 20ರಿಂದ 22 ಕಿಲೋಮೀಟರ್ ನಡೆಯಬೇಕು. ಶಿಖರದ ಎತ್ತರ 1,894 ಮೀಟರ್. ರಾಷ್ಟ್ರೀಯ ಉದ್ಯಾನದ ಒಳಗೆ ಟೆಂಟ್ ಹಾಕಿ ಉಳಿಯಲು ಬಿಡುವುದಿಲ್ಲವಾದ್ದರಿಂದ ಹತ್ತುವುದೂ ಇಳಿಯುವುದೂ ಒಂದೇ ಹಗಲಿನಲ್ಲಿ ಮುಗಿಯಬೇಕು. ಹತ್ತಲು ಹೇಗೋ ಉತ್ಸಾಹ ಕೈಹಿಡಿಯುತ್ತದೆ. ಮಂಡಿ ಹಿಡಿದುಕೊಂಡು ದಾರಿ ಮಧ್ಯೆ ಕೂತುಬಿಡುವುದು ಇಳಿಯುವಾಗ, ಮಧ್ಯಾಹ್ನ ಮೂರರ ಮೇಲೆ. ಐದಾರು ಜನ, ಒಬ್ಬ ಗೈಡ್, ಎರಡು ರಾತ್ರಿಯ ಹೋಂಸ್ಟೇ ಎಂದು ಯೋಜನೆ ಹಾಕುವವರು ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಸಂಜೆ ಎಷ್ಟಕ್ಕೆ ಎಲ್ಲರೂ ಕೆಳಗಿರಬೇಕು?

ನವೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸಿನಲ್ಲಿ. ಶೋಲಾ ಕಾಡಿನ (ಬೆಟ್ಟದ ಕಣಿವೆಗಳ ದಟ್ಟ ಕಾಡು) ಒಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಕಾಲಿನ ಕೆಳಗಿನ ಬೇರು ಕಾಣುವುದಿಲ್ಲ. ಹಾಗಾಗಿ ಕೆಳಗೆ ತಲುಪುವ ಹೊತ್ತು ಸಂಜೆ ಐದು ಎಂದಿಟ್ಟುಕೊಳ್ಳಿ. ಇಳಿಯಲು ಮೂರೂವರೆ ಗಂಟೆ, ಯಾರಾದರೂ ಕುಂಟಿದರೆ ಎಂದು ಇನ್ನರ್ಧ ಗಂಟೆ. ಅಂದರೆ ಶಿಖರವನ್ನು ಬಿಡಬೇಕಾದ ಕೊನೆಯ ಹೊತ್ತು ಮಧ್ಯಾಹ್ನ ಒಂದು. ಹತ್ತಲು ಐದು ಗಂಟೆ, ಮೇಲೆ ಅರ್ಧ ಗಂಟೆ ಕಳೆದರೆ ಏಳೂವರೆಗೆ ನಡಿಗೆ ಶುರುವಾಗಿರಲೇಬೇಕು; ಏಳಕ್ಕಾದರೆ ಇನ್ನೂ ಒಳ್ಳೆಯದು. ಕಳಸದ ಬಳಿಯ ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪು ಮಾತ್ರ ಹತ್ತುವಂಥ ಕಚ್ಚಾ ರಸ್ತೆ ಇದೆ, ಅದಕ್ಕೆ ಅರ್ಧ ಗಂಟೆಗೂ ಮಿಕ್ಕಿ ಬೇಕು. ಅರಣ್ಯ ಇಲಾಖೆಯವರ ತಪಾಸಣೆಗೆ ಇನ್ನೊಂದಿಷ್ಟು. ತಿಂಡಿ ಆರಕ್ಕೇ ಆಗಬೇಕು ಎಂದು ಹೋಂಸ್ಟೇಯವರಿಗೆ ಹಿಂದಿನ ರಾತ್ರಿಯೇ ಹೇಳಿಡಿ. ಎಂಟಕ್ಕೆ ಬಿಸಿ ಕಡುಬು ತಿಂದು ಹೊರಟ ಗುಂಪು ಹಿಂತಿರುಗುವುದು ಟಾರ್ಚ್ ಹಿಡಿದುಕೊಂಡೇ.

ಮಧ್ಯಾಹ್ನ ಒಂದರ ಗಡಿಯನ್ನು ಕೆಳಗೇ, ಎಲ್ಲರ ಮುಂದೆ, ಗೈಡ್ ಬಾಯಲ್ಲೇ ಹೇಳಿಸಿ. ಶಿಖರ ಕಣ್ಣೆದುರಿಗೆ ಕಂಡ ಮೇಲೆ ‘ಇನ್ನು ಇಪ್ಪತ್ತೇ ನಿಮಿಷ’ ಎನ್ನುವ ಒಬ್ಬರಾದರೂ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಆಗ ವಾದಕ್ಕೆ ಇಳಿಯದೆ ಬೆಳಗಿನ ಮಾತನ್ನು ನೆನಪಿಸಿದರೆ ಸಾಕು.

ಶುಕ್ರವಾರದ ರಾತ್ರಿ ಬಸ್ಸಿನ ತಪ್ಪು

ಶುಕ್ರವಾರ ರಾತ್ರಿ ಹತ್ತಕ್ಕೆ ಬೆಂಗಳೂರಿನಿಂದ ಟಿ.ಟಿ. (ಟೆಂಪೊ ಟ್ರಾವೆಲರ್) ಹತ್ತಿ, ಶನಿವಾರ ಬೆಳಿಗ್ಗೆ ಹಲ್ಲುಜ್ಜಿ ನೇರ ಬೆಟ್ಟ ಹತ್ತುವುದು ವಾರಾಂತ್ಯದ ಪ್ಯಾಕೇಜುಗಳ ರೂಢಿ. ನಮ್ಮ ಸಲಹೆ ಕೇಳಿದರೆ ಇದನ್ನು ಬಿಡಿ. ಕೊಟ್ಟಿಗೆಹಾರ ದಾಟಿದ ಮೇಲೆ ಕಳಸದವರೆಗೂ ತಿರುವಿನ ಮೇಲೆ ತಿರುವು; ನಿದ್ದೆ ಬರುವುದಿಲ್ಲ, ಕೆಲವರಿಗೆ ವಾಂತಿಯೂ ಆಗುತ್ತದೆ. ನಿದ್ದೆಗೆಟ್ಟು ನೀರೂ ಕಳೆದುಕೊಂಡ ದೇಹ ಹತ್ತುವಾಗ ಹೇಗೋ ತಳ್ಳಿಕೊಂಡು ಹೋಗಿ, ಇಳಿಯುವಾಗ ಹೆಜ್ಜೆ ತಪ್ಪುತ್ತದೆ. ಒಂದು ದಿನ ರಜೆ ಹಾಕಿ. ಹಿಂದಿನ ಮಧ್ಯಾಹ್ನವೇ ಕಳಸ, ಸಂಸೆ ಅಥವಾ ಬಾಳೆಗಲ್ ತಲುಪಿ, ಒಂಬತ್ತಕ್ಕೆ ಮಲಗಿ.

ಅನುಮತಿ ಮತ್ತು ಗುಂಪು

ಅನುಮತಿಯನ್ನು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಪಡೆಯಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಸಾಲುಗಟ್ಟಿದ ಮೇಲೆ ಈ ವ್ಯವಸ್ಥೆ ಬಿಗಿಯಾಯಿತು. ಕುದುರೆಮುಖಕ್ಕೆ ದಿನಕ್ಕೆ 300 ಜನರ ಮಿತಿ ಇದೆ, ಶನಿವಾರ ಭಾನುವಾರದ ಜಾಗ ಬೇಗ ತುಂಬುತ್ತದೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಒಯ್ಯಿರಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ, ಜೋರು ಮಳೆಗೂ ಮುಚ್ಚುವುದುಂಟು. ಹಣ ಕಟ್ಟುವ ಮೊದಲು ದಿನಾಂಕ ತೆರೆದಿದೆಯೇ ನೋಡಿಕೊಳ್ಳಿ.

‘ಪರ್ಮಿಟ್ ನಮಗೆ ಬಿಡಿ ಸರ್’ ಎನ್ನುವ ಆಯೋಜಕರಿಂದ ನಿಮ್ಮ ಹೆಸರಿರುವ ಅನುಮತಿ ಪತ್ರದ ಪ್ರತಿಯನ್ನು ಮೂರು ದಿನ ಮೊದಲೇ ತರಿಸಿಕೊಳ್ಳಿ. ಅನುಮತಿ ಇಲ್ಲದೆ ಒಳಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಿಕ್ಕಿಬಿದ್ದರೆ ಆಯೋಜಕನ ಜೊತೆಗೆ ನೀವೂ ಉತ್ತರ ಹೇಳಬೇಕು.

ಗುಂಪು ಆರರಿಂದ ಎಂಟು ಜನ ಇದ್ದರೆ ಸರಿಯಾಗುತ್ತದೆ. ದಾರಿಯಲ್ಲಿ ಹಳ್ಳಗಳಿವೆ. ಒಂದೊಂದು ಹಳ್ಳ ದಾಟಲು ತಲೆಗೆ ಒಂದೆರಡು ನಿಮಿಷ ಎಂದರೂ ಇಪ್ಪತ್ತು ಜನರ ಗುಂಪಿಗೆ ಒಂದೇ ಹಳ್ಳದಲ್ಲಿ ಅರ್ಧ ಗಂಟೆ ಹೋಗುತ್ತದೆ. ಆಯೋಜಕರನ್ನು ಮೂರು ಮಾತು ಕೇಳಿ: ಗೈಡ್ ಈ ಊರಿನವರೇ? ಕೊನೆಯಲ್ಲಿ ನಡೆಯುವ ಇನ್ನೊಬ್ಬರು ಇರುತ್ತಾರೆಯೇ? ಒಬ್ಬರಿಗೆ ಆಗದೆ ಹೋದರೆ ಅವರನ್ನು ಕರೆದುಕೊಂಡು ಇಳಿಯುವುದು ಯಾರು? ಮೂರನೆಯದಕ್ಕೆ ತಡವರಿಸಿದರೆ ಬೇರೆಯವರನ್ನು ನೋಡಿ. ಗೈಡ್ ಒಬ್ಬರೇ ಇದ್ದರೆ ಇಡೀ ಗುಂಪು ಹಿಂತಿರುಗಬೇಕಾಗುತ್ತದೆ. ಸುಸ್ತಾದವರನ್ನು ದಾರಿ ಬದಿಯಲ್ಲಿ ಒಬ್ಬಂಟಿ ಕೂರಿಸಿ ‘ಬರುವಾಗ ಕರೆದುಕೊಂಡು ಹೋಗ್ತೀವಿ’ ಎನ್ನುವುದು ಈ ಕಾಡಿನಲ್ಲಿ ನಡೆಯಬಾರದ ಮಾತು. ಇದು ಕಾಟಿಗಳ, ಅಂದರೆ ಕಾಡುಕೋಣಗಳ ಊರು.

ಮೂರು ವಾರದ ತಯಾರಿ

ದಿನವೂ ಓಡುವವರಿಗೂ ಮಾರನೆಯ ದಿನ ತೊಡೆ ಹಿಡಿದುಕೊಳ್ಳುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕು. ಸಮತಟ್ಟಾದ ನೆಲದ ಓಟದಲ್ಲಿ ಅದಕ್ಕೆ ಈ ಅಭ್ಯಾಸವಾಗುವುದಿಲ್ಲ. ಆದ್ದರಿಂದ ವಾರಕ್ಕೆ ಮೂರು ದಿನ, 40 ನಿಮಿಷ, ಬೆನ್ನಿಗೆ ನಾಲ್ಕು ಕೆ.ಜಿ. ಚೀಲ ಹಾಕಿ ಮೆಟ್ಟಿಲು ಹತ್ತಿ, ಇಳಿಯುವಾಗ ಲಿಫ್ಟ್ ಬಳಸದೆ ನಿಧಾನವಾಗಿ ಇಳಿಯಿರಿ. ಒಂದೆರಡು ಸಲ ಇಳಿದು ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ಕೊನೆಯ ಮೂರು ದಿನ ವಿಶ್ರಾಂತಿ.

ಶೂ ವಿಷಯದಲ್ಲಿ ಹೊಸದಕ್ಕಿಂತ ಹಳೆಯದು ಅಪಾಯ. ನಾಲ್ಕೈದು ವರ್ಷ ಪೆಟ್ಟಿಗೆಯಲ್ಲಿದ್ದ ಟ್ರೆಕ್ಕಿಂಗ್ ಶೂ ನೋಡಲು ಹೊಸದರಂತೆಯೇ ಇರುತ್ತದೆ, ಆದರೆ ಅಟ್ಟೆಯೊಳಗಿನ ಪಾಲಿಯುರಿಥೇನ್ ಗಾಳಿಯ ತೇವಕ್ಕೆ ಒಳಗೊಳಗೇ ಪುಡಿಯಾಗಿರುತ್ತದೆ. ಎರಡನೆಯ ಹಳ್ಳದ ಹೊತ್ತಿಗೆ ಅಟ್ಟೆ ಬಾಯಿ ಬಿಡುತ್ತದೆ. ಹೊರಡುವ ವಾರದ ಮೊದಲು ಹತ್ತು ಕಿಲೋಮೀಟರ್ ಹಾಕಿ ನಡೆದು, ಹೆಬ್ಬೆರಳಿನಿಂದ ಅಟ್ಟೆ ಒತ್ತಿ ನೋಡಿ. ಬಿರುಕು ಕಂಡರೆ ಅಂಟು ಹಾಕಿ ಪ್ರಯೋಜನವಿಲ್ಲ. ಕಾಲುಗುರುಗಳನ್ನು ಮೂರು ದಿನ ಮೊದಲೇ ಕತ್ತರಿಸಿ.

ಚೀಲದಲ್ಲಿ ಏನು

ಒಟ್ಟು ಭಾರ ಐದು ಕೆ.ಜಿ. ದಾಟಬಾರದು. ಎರಡು ಲೀಟರ್ ನೀರು ಹಿಡಿಯುವ ಬಾಟಲಿಗಳು, ಬುತ್ತಿ, ಜರ್ಕಿನ್ ರೀತಿಯ ಮಳೆ ಅಂಗಿ (ಬೋಳು ಗುಡ್ಡದ ಗಾಳಿಗೆ ಪೊಂಚೊ ಹಾಯಿಯಂತೆ ಉಬ್ಬಿ ಆಯ ತಪ್ಪಿಸುತ್ತದೆ), ಒಣ ಬನಿಯನ್ನು, ಎರಡು ಜೊತೆ ಕಾಲುಚೀಲ, ತಲೆಗೆ ಕಟ್ಟುವ ಟಾರ್ಚ್, ಸೀಟಿ, ಓಆರ್‌ಎಸ್, ಕ್ರೇಪ್ ಬ್ಯಾಂಡೇಜ್, ದಿನನಿತ್ಯದ ಮಾತ್ರೆ. ಜೀನ್ಸ್ ಬೇಡ, ನೆನೆದರೆ ಭಾರವಾಗಿ ತೊಡೆ ಉಜ್ಜುತ್ತದೆ. ನಗದು ಇರಲಿ, ನೆಟ್‌ವರ್ಕ್ ಇಲ್ಲದ ಕಡೆ ಯುಪಿಐ ನಡೆಯದು.

ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಬುತ್ತಿಗೆ ಪುಳಿಯೋಗರೆ ಅಥವಾ ಚಪಾತಿ ಪಲ್ಯ ತಡೆಯುತ್ತದೆ, ಮೊಸರನ್ನ ಬೆನ್ನ ಬಿಸಿಗೆ ಹುಳಿಯುತ್ತದೆ. ಸ್ಟೀಲ್ ಡಬ್ಬಿಯಲ್ಲೇ ಹಾಕಿಸಿ, ತಪಾಸಣೆಯಲ್ಲಿ ಪ್ಲಾಸ್ಟಿಕ್‌ಗೆ ಲೆಕ್ಕ ಕೊಡಬೇಕಾಗುತ್ತದೆ. ಕಿತ್ತಳೆ ಸಿಪ್ಪೆಯೂ ವಾಪಸು ಬರಲಿ. ಕುಡಿಯುವ ನೀರಿನ ಕೊನೆಯ ಝರಿ ಯಾವುದು ಎಂದು ಗೈಡ್‌ರನ್ನು ಕೇಳಿ ಅಲ್ಲಿ ಬಾಟಲಿ ತುಂಬಿಸಿಕೊಳ್ಳಿ. ಆ ತಿಂಗಳಲ್ಲಿ ಯಾವುದು ಬತ್ತಿದೆ ಎನ್ನುವುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಇಂಬಳ

ಜೂನಿನಿಂದ ಅಕ್ಟೋಬರ್‌ವರೆಗೆ ಇಂಬಳ (ಕಾಡಿನ ಜಿಗಣೆ) ಹತ್ತದೆ ಬರುವುದು ಕನಸಿನ ಮಾತು. ಪ್ಯಾಂಟಿನ ತುದಿಯನ್ನು ಉದ್ದದ ಕಾಲುಚೀಲದ ಒಳಗೆ ಸೇರಿಸಿ. ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಬೆರೆಸಿ ಕಾಲುಚೀಲದ ಮೇಲೆ ಸವರುವುದು ಮಲೆನಾಡಿನ ಹಳೆಯ ಉಪಾಯ. ಹಳ್ಳದಲ್ಲಿ ಕಾಲಿಟ್ಟರೆ ತೊಳೆದುಹೋಗುತ್ತದೆ, ಮತ್ತೆ ಸವರಬೇಕು. ನಿಲ್ಲುವಾಗ ಒದ್ದೆ ತರಗೆಲೆ ಬಿಟ್ಟು ಬಂಡೆಯ ಮೇಲೆ ನಿಲ್ಲಿ.

ಹತ್ತಿದ್ದನ್ನು ಎಳೆಯಬೇಡಿ. ಇಂಬಳದ ತೆಳ್ಳನೆಯ ತುದಿ ಬಾಯಿ. ಅಲ್ಲಿ ಚರ್ಮಕ್ಕೆ ಒತ್ತಿ ಉಗುರನ್ನು ಅಡ್ಡಲಾಗಿ ಜಾರಿಸಿದರೆ ಹಿಡಿತ ಬಿಡುತ್ತದೆ. ತಕ್ಷಣ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ದೂರಕ್ಕೆ ಚಿಮ್ಮಿ, ಇಲ್ಲದಿದ್ದರೆ ಬೆರಳಿಗೆ ಹತ್ತುತ್ತದೆ. ಕಚ್ಚಿಕೊಂಡಿರುವಾಗ ಉಪ್ಪು ಸುರಿದರೆ, ಬೆಂಕಿ ತೋರಿಸಿದರೆ ಬೀಳುತ್ತದೆ ನಿಜ, ಆದರೆ ಬೀಳುವಾಗ ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ; ಒಂದು ಗಂಟೆ ಜಿನುಗಿದರೂ ಗಾಬರಿ ಬೇಡ. ತೊಳೆದು, ಹತ್ತಿ ಒತ್ತಿ, ಪಟ್ಟಿ ಕಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಗೈಡ್‌ಗೆ ತಿಳಿಸಿರಬೇಕು.

ನಡೆಯುವಾಗ

ಗೈಡ್ ಮುಂದೆ, ಅವರ ಹಿಂದೆಯೇ ಗುಂಪಿನ ಅತಿ ನಿಧಾನದವರು. ನಿಧಾನದವರನ್ನು ಕೊನೆಗೆ ಬಿಟ್ಟರೆ ಅವರು ಬಂದು ಸೇರುವಷ್ಟರಲ್ಲಿ ಉಳಿದವರ ವಿಶ್ರಾಂತಿ ಮುಗಿದಿರುತ್ತದೆ; ಅವರಿಗೆ ಕೂರುವ ಭಾಗ್ಯವೇ ಇಲ್ಲ, ಮಧ್ಯಾಹ್ನದ ಹೊತ್ತಿಗೆ ಅವರೇ ಕುಸಿಯುತ್ತಾರೆ. ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಮಾತಾಡಲಾಗುವ ವೇಗ ಸಾಕು. 50 ನಿಮಿಷಕ್ಕೆ ಐದು ನಿಮಿಷ ನಿಲ್ಲಿ. ಒಂಟಿ ಮರ, ಲೋಬೋ ಮನೆ ಮುಂತಾದ ಗುರುತುಗಳಲ್ಲಿ ತಲೆ ಎಣಿಸಿ, ಗಡಿಯಾರ ನೋಡಿ.

ಹಳ್ಳ ದಾಟುವ ಮೊದಲು ಚೀಲದ ಸೊಂಟಪಟ್ಟಿ ಬಿಚ್ಚಿ, ಬಿದ್ದರೆ ಚೀಲ ಕಳಚಿಕೊಳ್ಳಲು ಬರಬೇಕು. ಶೂ ಬಿಚ್ಚಬೇಡಿ, ಪಾಚಿಕಲ್ಲಿನ ಮೇಲೆ ಬರಿಗಾಲು ಜಾರುತ್ತದೆ. ರಭಸದ ನೀರು ಮಂಡಿ ಮೀರಿದರೆ ದಾಟದೆ ಕಾಯಿರಿ. ಬೆಟ್ಟದ ಹಳ್ಳ ಬೇಗ ಏರುತ್ತದೆ, ಮಳೆ ನಿಂತರೆ ಬೇಗ ಇಳಿಯುತ್ತದೆ. ಮೇಲೆ ಕಪ್ಪು ಮೋಡ ಕಟ್ಟಿದ್ದರೆ, ಈಗ ಪಾದ ಮುಳುಗುವ ಹಳ್ಳ ಸಂಜೆಗೆ ಸೊಂಟಕ್ಕೆ ಬರಬಹುದು ಎಂಬ ಲೆಕ್ಕವೂ ಇರಲಿ.

ಗುಡುಗು ಕೇಳಿದರೆ ಬೋಳು ಏಣಿನ ಮೇಲೆ ನಿಲ್ಲಬೇಡಿ, ಒಂಟಿ ಮರದ ಬುಡಕ್ಕೂ ಹೋಗಬೇಡಿ. ತಗ್ಗಿಗೆ ಇಳಿದು ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಶಿಖರದ ಪಶ್ಚಿಮಕ್ಕೆ ನೆಲ ಒಮ್ಮೆಲೇ ಬೆಳ್ತಂಗಡಿ ಕಡೆಗೆ ಕಡಿದು ಇಳಿಯುತ್ತದೆ. ಮಂಜು ಮುಸುಕಿದಾಗ ಹುಲ್ಲು ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ತಿಳಿಯದು. ಸೆಲ್ಫಿಗೆ ಹಿಂದೆ ಹಿಂದೆ ಸರಿಯುವ ಜಾಗ ಇದಲ್ಲ.

ಇಳಿಯುವ ಮೊದಲು ಕೂತು ಶೂ ಬಿಚ್ಚಿ, ಒಣ ಕಾಲುಚೀಲ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ. ಲೇಸನ್ನು ಮೇಲಿನ ಕೊನೆಯ ತೂತಿಗೆ ಅದೇ ಬದಿಯಿಂದ ಹಾಕಿ ಪುಟ್ಟ ಕುಣಿಕೆ ಬಿಡಿ. ಎಡದ ಲೇಸು ಬಲದ ಕುಣಿಕೆಯೊಳಗೆ, ಬಲದ್ದು ಎಡದ ಕುಣಿಕೆಯೊಳಗೆ ತೂರಿಸಿ ಬಿಗಿದು ಗಂಟು ಹಾಕಿ. ಹೀಗೆ ಕಟ್ಟಿದರೆ ಕಾಲು ಮುಂದಕ್ಕೆ ಜಾರಿ ಹೆಬ್ಬೆರಳು ಶೂ ಮೂತಿಗೆ ಹೊಡೆಯುವುದಿಲ್ಲ, ಉಗುರು ಕಪ್ಪಾಗುವುದೂ ತಪ್ಪುತ್ತದೆ. ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಮಡಿದಿರಲಿ. ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಇಡಿ. ಹುಲ್ಲಿನ ಇಳಿಜಾರಿನಲ್ಲಿ ನೇರ ಇಳಿಯದೆ ಓರೆಯಾಗಿ ಇಳಿಯಿರಿ. ಊರುಗೋಲು ಹೊತ್ತವರು ಹತ್ತುವಾಗ ಬಳಸದಿದ್ದರೂ ಈಗ ಬಳಸಬೇಕು.

ದಾರಿ ತಪ್ಪಿದರೆ ನಿಂತಲ್ಲೇ ನಿಂತು ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ನೀರು ಹರಿಯುವ ಕಡೆಗೆ ಇಳಿದರೆ ಊರು ಸಿಗುತ್ತದೆಂದು ಹೋಗಬೇಡಿ, ಇಲ್ಲಿ ಹಳ್ಳಗಳು ಜಲಪಾತದ ತಲೆಗೂ ಒಯ್ಯುತ್ತವೆ. ಸಿಗ್ನಲ್ ಇದ್ದರೆ 112.

ಬಂದ ಮೇಲೆ

ಬಿಸಿನೀರಿನಲ್ಲಿ ಮೀಯುವಾಗ ಕಂಕುಳು, ತೊಡೆಸಂದು, ಕಿವಿಯ ಹಿಂದೆ ಉಣುಗು (ಉಣ್ಣಿ) ಹತ್ತಿದೆಯೇ ನೋಡಿ. ಇದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಹಿಸುಕಬೇಡಿ. ಬಟ್ಟೆಯನ್ನು ಬಿಸಿನೀರಿಗೆ ಹಾಕಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಆ ದಿನಗಳಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಕಾಯಿಲೆ ಕಾಣಿಸಿಕೊಳ್ಳಲು ಮೂರರಿಂದ ಎಂಟು ದಿನ ಬೇಕು. ಅಷ್ಟರಲ್ಲಿ ನೀವು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುತ್ತೀರಿ, ಜ್ವರ ಮೈಕೈ ನೋವು ಎಂದರೆ ಅಲ್ಲಿನ ವೈದ್ಯರು ಡೆಂಗಿ ಪರೀಕ್ಷೆ ಬರೆದು ಕೊಡಬಹುದು. ‘ಮಲೆನಾಡಿನ ಕಾಡಿಗೆ ಹೋಗಿದ್ದೆ, ಇಂಥ ದಿನ’ ಎಂದು ದಿನಾಂಕ ಸಮೇತ ಮೊದಲ ಭೇಟಿಯಲ್ಲೇ ಹೇಳಿ.