ಫ್ಲೈ ಕಟ್ಟೋಕೆ ಗರಿ ಎಲ್ಲಿ ಹುಡುಕ್ಬೇಕು: ತುಮಕೂರು ಕಡೆಯವರಿಗೆ

ಫ್ಲೈ ಫಿಶಿಂಗ್ (ಗಾಳಕ್ಕೆ ಗರಿ, ದಾರ ಸುತ್ತಿ ಕಟ್ಟಿದ ನಕಲಿ ಹುಳದಿಂದ ಮೀನು ಹಿಡಿಯೋದು, ಆ ನಕಲಿ ಹುಳನೇ ಫ್ಲೈ) ಶುರು ಮಾಡಿದ ಹುಡುಗರು ನನ್ನನ್ನ ಮೊದಲು ಕೇಳೋದೇ ಗರಿ ಎಲ್ಲಿಂದ ತರ್ತೀರಣ್ಣ ಅಂತ. ಅಮೆರಿಕದಿಂದ ಬರೋ ಹ್ಯಾಕಲ್ ಕೇಪ್ (ಗರಿ ಸಮೇತ ಒಣಗಿಸಿದ ಹುಂಜದ ಕುತ್ತಿಗೆ ಚರ್ಮ) ರೇಟ್ ನೋಡಿದ್ರೆ ಯಾರಿಗಾದ್ರೂ ತಲೆ ತಿರುಗುತ್ತೆ, ಆದ್ರೆ ನಮ್ಮ ಕೆರೆಗಳಲ್ಲಿರೋ ಜಿಲೇಬಿ ಮೀನಿಗೆ ಕೊರಮೀನಿಗೆ ಬೇಕಾದ ಗರಿ ಮುಕ್ಕಾಲು ಪಾಲು ಹಳ್ಳಿ ಮನೆ ಹಿತ್ತಲಲ್ಲೇ ಓಡಾಡ್ಕೊಂಡಿರುತ್ತೆ.

ಮೊದಲು ನಾಟಿ ಹುಂಜ. ವರ್ಷ ತುಂಬಿರ್ಬೇಕು, ಮರಿ ಹುಂಜದ ಗರಿ ಮೆತ್ತಗಿರುತ್ತೆ. ಕೋಳಿ ಅಂಗಡಿಯಲ್ಲಿ ಬಿಸಿನೀರಿಗೆ ಅದ್ದಿ ಮೆಷಿನ್‌ಗೆ ಹಾಕ್ಬಿಟ್ರೆ ಗರಿ ಮುದುಡಿ ಹೋಗುತ್ತೆ, ಆಮೇಲೆ ಕೇಳಿ ಪ್ರಯೋಜನ ಇಲ್ಲ. ಭಾನುವಾರ ರಶ್ಶಲ್ಲಿ ಯಾರೂ ಕಿವಿಗೆ ಹಾಕ್ಕೊಳಲ್ಲ, ವಾರದ ಮಧ್ಯೆ ಬೆಳಿಗ್ಗೆ ಹೋಗಿ "ಅಣ್ಣ, ನೀರಿಗೆ ಹಾಕ್ಬೇಡಿ, ಕುತ್ತಿಗೆ ಚರ್ಮ ಗರಿ ಸಮೇತ ಬಿಡಿಸಿಕೊಡಿ" ಅಂತ ಮೊದಲೇ ಹೇಳಿ, ಕೋಳಿ ನೀವೇ ತಗೊಂಡ್ರೆ ಖುಷಿಯಿಂದ ಮಾಡಿಕೊಡ್ತಾರೆ.

ಮನೆಗೆ ತಂದು ಚರ್ಮ ಮೇಲೆ ಬರೋ ಹಾಗೆ ರಟ್ಟಿನ ಮೇಲೆ ಹರಡಿ, ಸುತ್ತ ಗುಂಡುಪಿನ್ ಚುಚ್ಚಿ, ಹಳದಿ ಕೊಬ್ಬನ್ನೆಲ್ಲ ಚಮಚದಲ್ಲಿ ಕೆರೀರಿ. ಇದಕ್ಕೆ ತಾಳ್ಮೆ ಬೇಕು, ಕೊಬ್ಬು ಉಳಿದ್ರೆ ಎಣ್ಣೆ ಗರಿಗೆ ಇಳಿದು ವಾಸನೆ ಹತ್ತುತ್ತೆ, ಹುಳ ಬರುತ್ತೆ. ಪುಡಿ ಉಪ್ಪು ದಪ್ಪಗೆ ಹಾಕಿ, ಮಾರನೇ ದಿನ ಒದ್ದೆ ಉಪ್ಪು ಕೆರೆದು ತೆಗೆದು ಹೊಸದು ಹಾಕಿ, ನೆರಳಲ್ಲಿ ಬೆಕ್ಕು ಇರುವೆಗೆ ಸಿಗದ ಹಾಗೆ ತೂಗುಹಾಕಿ. ಚರ್ಮ ಹಪ್ಪಳದ ಥರ ಗಟ್ಟಿ ಆದ್ರೆ ಮುಗೀತು, ಹೆಚ್ಚುಕಮ್ಮಿ ಒಂದು ವಾರ ಹತ್ತು ದಿನ.

ಗರಿ ಪರೀಕ್ಷೆ ಹೀಗೆ: ತುದಿ ಹಿಡಿದು ಎಳೆಗಳನ್ನ ಬುಡದ ಕಡೆ ನೀವಿ ನೋಡಿ, ಎಳೆ ನೆಟ್ಟಗೆ ನಿಂತು ಮಿಂಚಿದ್ರೆ ನೀರ ಮೇಲೆ ತೇಲೋ ಡ್ರೈ ಫ್ಲೈಗೆ ಆಗುತ್ತೆ, ಸೊರಗಿ ಬಿದ್ರೆ ನೀರೊಳಗೆ ಮುಳುಗೋ ಫ್ಲೈಗೆ ಇಟ್ಕೊಳಿ. ಬುಡದ ತುಪ್ಪಳ ಕಿತ್ತು ಬಿಸಾಕಿ. ಎಳೆ ಉದ್ದ ಗಾಳದ ಬಾಯಿ ಅಗಲದ ಒಂದೂವರೆ ಪಟ್ಟು ಇದ್ರೆ ಸರಿ. ಸಣ್ಣ ಗರಿ ತಲೆ ಹತ್ತಿರ ಇರುತ್ತೆ, ಜಿಲೇಬಿ ಮೀನಿನ 12, 14ನೇ ನಂಬರ್ ಚಿಕ್ಕ ಗಾಳಕ್ಕೆ ಅಲ್ಲೇ ಹುಡುಕ್ಬೇಕು. ಹ್ಯಾಟೆ ಕೋಳಿ ಗರಿ ಇನ್ನೂ ಮೃದು, ನೀರಲ್ಲಿ ಜೀವ ಇದ್ದ ಹಾಗೆ ಆಡುತ್ತೆ, ಅದನ್ನ ಬಿಸಾಡ್ಬೇಡಿ.

ಬಾತುಕೋಳಿ ಸಾಕಿರೋರು ಪರಿಚಯ ಇದ್ರೆ ನಿಮ್ಮ ಅದೃಷ್ಟ. ಬಾಲದ ಮೇಲೆ ಎಣ್ಣೆ ಗ್ರಂಥಿ ಸುತ್ತ ಪುಟ್ಟ ಪುಟ್ಟ ಗರಿ ಇರುತ್ತೆ, ಇಂಗ್ಲಿಷ್‌ನೋರು ಸಿಡಿಸಿ ಅಂತಾರೆ, ಅದರ ಎಣ್ಣೆಯಿಂದ ಫ್ಲೈ ತಾನಾಗೇ ತೇಲುತ್ತೆ. ಇದೊಂದನ್ನ ಮಾತ್ರ ಸೋಪಲ್ಲಿ ತೊಳೀಬೇಡಿ, ಎಣ್ಣೆ ಹೋದ್ರೆ ಗರಿಗೆ ಬೆಲೆ ಇಲ್ಲ. ಟರ್ಕಿ ಕೋಳಿ ತುಪ್ಪಳ ಕೊರಮೀನಿನ ಸ್ಟ್ರೀಮರ್‌ಗೆ (ಪುಟ್ಟ ಮೀನಿನ ಥರ ಕಾಣೋ ಉದ್ದನೆ ಫ್ಲೈ), ಗಿನಿಕೋಳಿ ಚುಕ್ಕಿ ಗರಿ ಫ್ಲೈಗೆ ಕಾಲು, ಗಡ್ಡ ಕಟ್ಟೋಕೆ.

ಇನ್ನು ನವಿಲುಗರಿ. ನಮ್ಮ ಕಡೆ ತೆಂಗಿನ ತೋಟಗಳಲ್ಲಿ ಮಳೆಗಾಲ ಮುಗಿಯೋ ಹೊತ್ತಿಗೆ ತಾನಾಗೇ ಉದುರಿ ಬಿದ್ದಿರುತ್ತೆ. ಉದುರಿದ ಬಾಲದ ಗರಿ ದೇಶದೊಳಗೆ ಇಟ್ಕೊಳೋಕೆ ಕಾನೂನು ಬಿಟ್ಟಿದೆ, ಹೊರದೇಶಕ್ಕೆ ಕಳಿಸೋ ಹಾಗಿಲ್ಲ. ಕೊಂಡ್ಕೊಳೋದಾದ್ರೆ ಬುಡ ನೋಡಿ, ತಾನಾಗೇ ಉದುರಿದ್ದು ಬುಡ ಸ್ವಚ್ಛವಾಗಿ ಮೊನಚಾಗಿರುತ್ತೆ, ರಕ್ತದ ಕಲೆ ಇದ್ರೆ ಅಥವಾ ಬುಡ ಕತ್ತರಿಸಿದ್ರೆ ಮುಟ್ಟಬೇಡಿ.

ಬೇರೆ ಕಾಡುಹಕ್ಕಿ ಗರಿ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಗರಿನೂ ಬೇಟೆ ಸ್ಮಾರಕದ (ಟ್ರೋಫಿ) ಲೆಕ್ಕಕ್ಕೆ ಬರುತ್ತೆ. ಶಿರಾ ತಾಲೂಕಿನ ಕಗ್ಗಲಡುಗೆ ಹೋದ್ರೆ ಹುಣಸೆಮರದ ತುಂಬ ಬಣ್ಣದ ಕೊಕ್ಕರೆ, ಕೆಳಗೆ ತೆಳು ಗುಲಾಬಿ ಗರಿ ಬಿದ್ದಿದ್ರೆ ಕೈ ತಡೆಯಲ್ಲ ನನಗೂ ಗೊತ್ತು, ಅಲ್ಲೇ ಬಿಟ್ಟು ಬನ್ನಿ. ಕಾಡುಕೋಳಿ ಕುತ್ತಿಗೆ ಗರಿಯ ಮೇಣದಂಥ ಚುಕ್ಕಿಗೆ ಸಾಲ್ಮನ್ ಮೀನಿಗೆ ಕಟ್ಟೋ ಹಳೇ ಕಾಲದ ಫ್ಲೈಗಳಲ್ಲಿ ಎಷ್ಟು ಬೇಡಿಕೆ ಅಂದ್ರೆ ಇಂಗ್ಲೆಂಡಲ್ಲಿ ಈಗ ಅದಕ್ಕಂತಲೇ ಸಾಕ್ತಾರೆ. ಅದೇ ಹುಚ್ಚಿಗೆ 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಂನಿಂದ 299 ಹಕ್ಕಿ ಚರ್ಮ ಕಳುವಾಯ್ತು, ವಿಜ್ಞಾನಕ್ಕೆ ಎಂಥ ನಷ್ಟ ಯೋಚ್ನೆ ಮಾಡಿ. ನಾನು ಕಾಡುಕೋಳಿ ಚುಕ್ಕಿ ಬದಲು ಕಪ್ಪು ಕೋಳಿ ಗರಿ ತುದಿಗೆ ಬಿಳಿ ನೈಲ್ ಪಾಲಿಶ್ ಒಂದು ಹನಿ, ಒಣಗಿದ ಮೇಲೆ ಅದರ ಕೆಳಗೆ ಹಳದಿ ಹನಿ ಇಡ್ತೀನಿ, ಮೀನು ಇವತ್ತಿನವರೆಗೆ ತಕರಾರು ಮಾಡಿಲ್ಲ.

ಬಿಡಿ ಗರಿನ ಉಗುರುಬೆಚ್ಚಗಿನ ನೀರು, ಶಾಂಪೂ ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ಜಿಪ್ ಕವರಲ್ಲಿ ಹಾಕಿ ಫ್ರೀಜರಲ್ಲಿ ಮೂರ್ನಾಲ್ಕು ದಿನ, ಹೊರಗೆ ಒಂದೆರಡು ದಿನ, ಮತ್ತೆ ಫ್ರೀಜರ್, ಮೊದಲ ಸಲ ಉಳ್ಕೊಂಡ ಗರಿ ತಿನ್ನೋ ಹುಳನೂ ಎರಡನೇ ಸಲದ ಚಳಿಗೆ ಸಾಯುತ್ತೆ. ನಾನು ಇದು ಮಾಡದೆ ಎರಡು ವರ್ಷ ಕೂಡಿಟ್ಟ ಕೆಂಪು ಹುಂಜದ ಕೇಪು ಒಂದೇ ಮಳೆಗಾಲದಲ್ಲಿ ಪುಡಿಪುಡಿ ಆಯ್ತು, ಡಬ್ಬಿ ತೆಗೆದಾಗ ದಂಟು ಮಾತ್ರ ಇತ್ತು, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಈಗ ಪ್ರತಿ ಡಬ್ಬಿಗೂ ನುಸಿಗುಳಿಗೆ ಹಾಕಿಡ್ತೀನಿ.

ಹಕ್ಕಿಜ್ವರದ ಸುದ್ದಿ ಇದ್ದಾಗ ಗರಿ ಸಂಗ್ರಹ ಪೂರ್ತಿ ನಿಲ್ಲಿಸಿ. 2025ರ ಶುರುವಲ್ಲಿ ಚಿಕ್ಕಬಳ್ಳಾಪುರ ಕಡೆ ಬಂದಾಗ ನಾವು ಯಾರೂ ಕೋಳಿ ಅಂಗಡಿಗೆ ಗರಿಗೆ ಹೋಗ್ಲಿಲ್ಲ. ಉಳಿದ ದಿನದಲ್ಲೂ ಗ್ಲೌಸ್, ಮಾಸ್ಕ್ ಹಾಕ್ಕೊಳಿ, ಸತ್ತು ಬಿದ್ದ ಹಕ್ಕಿ ಯಾವುದೇ ಆಗ್ಲಿ ಮುಟ್ಟಬೇಡಿ.